ಒಂದೇ ಹೊಲ, ಹಲವು ದಾವೆ: ಕೌಟುಂಬಿಕ ಭೂವ್ಯಾಜ್ಯಗಳ ಕ್ರೋಡೀಕರಣದ ಪ್ರಶ್ನೆ

ಕುಟುಂಬದ ಜಮೀನಿನ ಹಕ್ಕಿನ ಕುರಿತ ತಕರಾರು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಒಂದೇ ದಾವೆಯಾಗಿ ಉಳಿಯುವುದು ವಿರಳ. ಅಣ್ಣನ ಮೇಲೆ ತಮ್ಮ ಹೂಡುವ ಪಾಲು ವಿಭಾಗದ ದಾವೆ, ಅಣ್ಣನಿಂದ ಜಮೀನು ಕೊಂಡವನು ತನ್ನ ಸ್ವಾಧೀನದ ರಕ್ಷಣೆಗೆಂದು ಹೂಡುವ ನಿರ್ಬಂಧಕಾಜ್ಞೆಯ ದಾವೆ, ಉಯಿಲೊಂದನ್ನು ಮುಂದಿಟ್ಟುಕೊಂಡು ಮತ್ತೊಬ್ಬ ಸಹೋದರ ಕೇಳುವ ಹಕ್ಕು ಘೋಷಣೆ, ಇವೆಲ್ಲ ಬೇರೆ ಬೇರೆ ಸಂಖ್ಯೆ ಪಡೆದು ಬೇರೆ ಬೇರೆ ನ್ಯಾಯಾಧೀಶರ ಮುಂದೆ ಬೇರೆ ಬೇರೆ ವಾಯಿದೆಗಳಲ್ಲಿ ನಡೆಯತೊಡಗುತ್ತವೆ. ಎಲ್ಲದರ ತಳದಲ್ಲಿರುವ ಪ್ರಶ್ನೆ ಮಾತ್ರ ಒಂದೇ: ಈ ಜಮೀನು ಅವಿಭಕ್ತ ಕುಟುಂಬದ್ದೆ, ಅಥವಾ ಒಬ್ಬನ ಸ್ವಯಾರ್ಜಿತವೆ, ಕುಟುಂಬದ್ದಾದರೆ ಅದರಲ್ಲಿ ಯಾರಿಗೆ ಎಷ್ಟು ಪಾಲು. ಹೀಗೆ ಒಂದೇ ಪ್ರಶ್ನೆಯ ಸುತ್ತ ಹಬ್ಬಿದ ಹಲವು ದಾವೆಗಳನ್ನು ಒಂದು ನ್ಯಾಯಾಲಯದಲ್ಲಿ ಒಟ್ಟಿಗಿಟ್ಟು, ಸಾಕ್ಷ್ಯವನ್ನು ಒಮ್ಮೆಗೇ ದಾಖಲಿಸಿ, ಒಂದೇ ತೀರ್ಪಿನಿಂದ ಇತ್ಯರ್ಥಪಡಿಸುವ ಕ್ರಮಕ್ಕೆ ದಾವೆಗಳ ಕ್ರೋಡೀಕರಣವೆಂದು ಹೆಸರು. ತಾಲ್ಲೂಕು ನ್ಯಾಯಾಲಯಗಳ ಆವರಣದಲ್ಲಿ ವಕೀಲರೂ ಕಕ್ಷಿದಾರರೂ ಇದನ್ನು ‘ಕ್ಲಬ್ ಮಾಡಿಸುವುದು’ ಎನ್ನುತ್ತಾರೆ. ಈ ಕ್ರಮದ ಕಾನೂನಿನ ನೆಲೆ, ಕರ್ನಾಟಕದ ಭೂಹಕ್ಕಿನ ವ್ಯವಸ್ಥೆಯಲ್ಲಿ ಅದರ ಪ್ರಯೋಜನ, ಅದು ಒಡ್ಡುವ ಅಪಾಯ ಮತ್ತು ಅದು ದಾಟಲಾರದ ಗಡಿ ಇವನ್ನು ಇಲ್ಲಿ ಪರಿಶೀಲಿಸಲಾಗಿದೆ.

ದಾವೆಗಳು ಹೀಗೆ ಚದುರಲು ಕಕ್ಷಿದಾರರ ಹಟ ಒಂದು ಕಾರಣವಾದರೂ ಕಾನೂನಿನ ರಚನೆಯೂ ಅಷ್ಟೇ ಕಾರಣ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯನಿರ್ಣಯ ಕಾಯ್ದೆಯಲ್ಲಿ ಪ್ರತಿಯೊಂದು ಬಗೆಯ ಪರಿಹಾರಕ್ಕೂ ಪ್ರತ್ಯೇಕ ಲೆಕ್ಕವಿದೆ. ಕುಟುಂಬದ ಆಸ್ತಿಯ ಜಂಟಿ ಸ್ವಾಧೀನದಲ್ಲಿ ತಾನೂ ಇದ್ದೇನೆಂದು ಹೇಳಿಕೊಂಡು ಪಾಲು ಕೇಳುವ ವಾದಿ 35ನೆಯ ಕಲಮಿನ ಪ್ರಕಾರ ಗರಿಷ್ಠ 200 ರೂಪಾಯಿಯ ನಿಗದಿತ ಶುಲ್ಕ ಕಟ್ಟಿದರೆ ಸಾಕು. ಆಸ್ತಿಯಿಂದ ಹೊರಗೆ ಹಾಕಲ್ಪಟ್ಟವನು ತನ್ನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಕಟ್ಟಬೇಕು. ಬರಿಯ ನಿರ್ಬಂಧಕಾಜ್ಞೆಯನ್ನು ಕೇಳುವ ದಾವೆಗೆ ಕಡಿಮೆ ಮೌಲ್ಯ ತೋರಿಸಬಹುದಾದ್ದರಿಂದ ಅದು ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ ದಾಖಲಾಗುತ್ತದೆ. ಜಮೀನಿನ ಬೆಲೆ ಹೆಚ್ಚಾಗಿದ್ದರೆ ಪಾಲಿನ ದಾವೆ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಹೀಗಾಗಿ ಒಂದೇ ಸರ್ವೆ ನಂಬರಿನ ಒಂದೇ ಚಕ್ಕುಬಂದಿಯ ಹೊಲದ ಕುರಿತು ಒಂದೇ ಆವರಣದ ಎರಡು ಕೋಣೆಗಳಲ್ಲಿ, ಒಂದರ ಕಡತ ಇನ್ನೊಂದಕ್ಕೆ ತಿಳಿಯದ ಹಾಗೆ, ವಿಚಾರಣೆ ನಡೆಯುವ ಸ್ಥಿತಿ ಉಂಟಾಗುತ್ತದೆ.

ವಿಷಯವನ್ನು ಸ್ಪಷ್ಟಪಡಿಸಲು ಕಲ್ಪಿತ ನಿದರ್ಶನವೊಂದನ್ನು ಇಟ್ಟುಕೊಳ್ಳಬಹುದು. ಎಂಟು ಎಕರೆ ಇಪ್ಪತ್ತು ಗುಂಟೆ ಜಮೀನಿದ್ದ ತಂದೆ ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳ ಪೈಕಿ ಹಿರಿಯವನು ಪೌತಿ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಮೂರು ಎಕರೆಯನ್ನು ಹೊರಗಿನವನಿಗೆ ಕ್ರಯಕ್ಕೆ ಕೊಟ್ಟನೆಂದೂ, ಎರಡನೆಯವನು ಪಾಲಿನ ದಾವೆ ಹೂಡಿದನೆಂದೂ, ಕೊಂಡವನು ಎರಡನೆಯವನ ಮೇಲೆ ಶಾಶ್ವತ ನಿರ್ಬಂಧಕಾಜ್ಞೆ ಕೇಳಿದನೆಂದೂ, ಮೂರನೆಯವನು ಬಾಯಿಮಾತಿನಲ್ಲೇ ಪಾಲಾಗಿ ಹೋಗಿದೆ ಎನ್ನುತ್ತ ತನ್ನ ಹಿಸ್ಸಾಕ್ಕೆ ಹಕ್ಕು ಘೋಷಣೆ ಬಯಸಿದನೆಂದೂ, ಮದುವೆಯಾಗಿ ಬೇರೆ ಊರಿನಲ್ಲಿರುವ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಖಾತೆ ಬದಲಾವಣೆಯ ವಿರುದ್ಧ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಿದಳೆಂದೂ ಭಾವಿಸೋಣ. ಮೂರು ದಾವೆ, ಒಂದು ಕಂದಾಯ ಮೇಲ್ಮನವಿ. ನಿರ್ಬಂಧಕಾಜ್ಞೆಯ ದಾವೆ ಮೊದಲು ಮುಗಿದು, ಕೊಂಡವನ ಸ್ವಾಧೀನ ಕಾನೂನುಬದ್ಧವೆಂಬ ತೀರ್ಮಾನ ಬಂದರೆ, ಆ ತೀರ್ಮಾನವನ್ನು ಕೊಂಡವನು ಪಾಲಿನ ದಾವೆಯಲ್ಲಿ ಆಯುಧವಾಗಿ ಹಿಡಿಯುತ್ತಾನೆ. ಪಾಲಿನ ದಾವೆ ಮೊದಲು ಮುಗಿದು ಜಮೀನು ಕುಟುಂಬದ್ದೆಂದು ಡಿಕ್ರಿಯಾದರೆ, ಅದರಲ್ಲಿ ಕೊಂಡವನನ್ನು ಪಕ್ಷಕಾರನನ್ನಾಗಿ ಸೇರಿಸಿರದ ಪಕ್ಷದಲ್ಲಿ ಆತ ಅದು ತನಗೆ ಬಾಧಕವಲ್ಲವೆಂದು ವಾದಿಸುತ್ತಾನೆ. ಯಾವ ದಾವೆ ಮೊದಲು ಮುಗಿಯುತ್ತದೆ ಎಂಬ ಆಕಸ್ಮಿಕವೇ ಹಕ್ಕನ್ನು ನಿರ್ಧರಿಸುವ ಈ ಸ್ಥಿತಿ ನ್ಯಾಯದ ದೃಷ್ಟಿಯಿಂದ ಸಹಿಸತಕ್ಕದ್ದಲ್ಲ, ಏಕೆಂದರೆ ವಿಚಾರಣೆಯನ್ನು ಬೇಕಾದಂತೆ ಮುಂದಕ್ಕೂ ಹಿಂದಕ್ಕೂ ಎಳೆಯುವ ಶಕ್ತಿ ಹಣವೂ ವಿರಾಮವೂ ಇರುವ ಪಕ್ಷಕಾರನ ಕೈಯಲ್ಲೇ ಇರುತ್ತದೆ.

ಇಷ್ಟು ಅಗತ್ಯವಾದ ಕ್ರಮಕ್ಕೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ನೇರವಾದ ನಿಯಮವಿಲ್ಲ. ಉತ್ತರ ಪ್ರದೇಶವು 1976ರಲ್ಲಿ ರಾಜ್ಯ ತಿದ್ದುಪಡಿಯ ಮೂಲಕ ಸಂಹಿತೆಗೆ 4-ಎ ಎಂಬ ಆದೇಶವನ್ನು ಸೇರಿಸಿ ಕ್ರೋಡೀಕರಣಕ್ಕೆ ಸ್ಪಷ್ಟ ಅಧಿಕಾರ ಕೊಟ್ಟಿತು. ಅಂಥ ನಿಯಮವಿಲ್ಲದ ಕಡೆ ನ್ಯಾಯಾಲಯಗಳು 151ನೆಯ ಕಲಮನ್ನು, ಅಂದರೆ ನ್ಯಾಯದ ಉದ್ದೇಶ ಸಾಧನೆಗಾಗಿ ಪ್ರತಿ ನ್ಯಾಯಾಲಯಕ್ಕೂ ಅಂತರ್ಗತವಾಗಿ ಇರುವ ಅಧಿಕಾರವನ್ನು, ಆಶ್ರಯಿಸುತ್ತವೆ. ಚಿತ್ತಿವಲಸ ಜೂಟ್ ಮಿಲ್ಸ್ ಪ್ರಕರಣದಲ್ಲಿ ಎರಡು ರಾಜ್ಯಗಳ ನ್ಯಾಯಾಲಯಗಳಲ್ಲಿ ಕಂಪನಿಗಳು ಪರಸ್ಪರ ಹೂಡಿದ್ದ ದಾವೆಗಳ ಸಂದರ್ಭದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಈ ಅಧಿಕಾರವನ್ನು ಎತ್ತಿ ಹಿಡಿಯಿತು. ಖರ್ಚು, ಕಾಲ ಮತ್ತು ಶ್ರಮಗಳ ಉಳಿತಾಯ ಹಾಗೂ ಪರಸ್ಪರ ವಿರುದ್ಧ ತೀರ್ಪುಗಳ ನಿವಾರಣೆ ಅದರ ಉದ್ದೇಶವೆಂಬುದು ಅನಂತರದ ತೀರ್ಪುಗಳಲ್ಲೂ ದೃಢಪಟ್ಟಿತು. ಅಂತರ್ಗತ ಅಧಿಕಾರವಾದ್ದರಿಂದ ಇದನ್ನು ಪಕ್ಷಕಾರರು ಹಕ್ಕಿನಿಂದ ಕೇಳಲಾಗದು; ನ್ಯಾಯಾಧೀಶರ ವಿವೇಚನೆಯೇ ಅಂತಿಮ. ಇದೇ ಈ ಕ್ರಮದ ದೌರ್ಬಲ್ಯವೂ ಹೌದು. ಒಂದು ತಾಲ್ಲೂಕಿನಲ್ಲಿ ಮೊದಲ ಅರ್ಜಿಗೇ ಸಿಗುವ ಆದೇಶ ಪಕ್ಕದ ತಾಲ್ಲೂಕಿನಲ್ಲಿ ಸಿಗದೆ ಹೋಗಬಹುದು.

ಕ್ರೋಡೀಕರಣವನ್ನು ಅದರ ನೆರೆಹೊರೆಯ ಪರಿಹಾರಗಳಿಂದ ಬೇರ್ಪಡಿಸಿ ನೋಡುವುದು ಅಗತ್ಯ. ಸಂಹಿತೆಯ 10ನೆಯ ಕಲಮು, ಅದೇ ಪಕ್ಷಕಾರರ ನಡುವೆ ಅದೇ ವಿಷಯ ಮೊದಲೊಂದು ದಾವೆಯಲ್ಲಿ ನೇರವಾಗಿಯೂ ಮುಖ್ಯವಾಗಿಯೂ ವಿವಾದದಲ್ಲಿದ್ದರೆ ಅನಂತರದ ದಾವೆಯ ವಿಚಾರಣೆಯನ್ನು ತಡೆಹಿಡಿಯುತ್ತದೆ. ಮೊದಲನೆಯ ದಾವೆಯ ತೀರ್ಪು ಎರಡನೆಯದರಲ್ಲಿ ಪೂರ್ವನಿರ್ಣಯವಾಗಿ, ಅಂದರೆ ಒಮ್ಮೆ ತೀರ್ಮಾನವಾದುದನ್ನು ಮತ್ತೆ ಕೆದಕಬಾರದೆಂಬ 11ನೆಯ ಕಲಮಿನ ತತ್ತ್ವದ ಬಲದಿಂದ, ಬಾಧಕವಾಗುತ್ತದೆಯೆ ಎಂಬುದೇ ಇಲ್ಲಿನ ಒರೆಗಲ್ಲೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪಕ್ಷಕಾರನಾಗಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕುಟುಂಬದ ಜಮೀನಿನ ದಾವೆಗಳಲ್ಲಿ ಪಕ್ಷಕಾರರು ಪೂರ್ತಿ ಒಂದೇ ಆಗಿರುವುದಿಲ್ಲ, ಕೇಳಿದ ಪರಿಹಾರವೂ ಒಂದೇ ಅಲ್ಲ. ಆದ್ದರಿಂದ ತಡೆಯ ಕಲಮು ಅಪರೂಪಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಅಲ್ಲದೆ ತಡೆಯು ಒಬ್ಬನ ದಾವೆಯನ್ನು ಕಟ್ಟಿಹಾಕುತ್ತದೆ, ಕ್ರೋಡೀಕರಣವು ಎರಡನ್ನೂ ಜತೆಯಾಗಿ ನಡೆಸುತ್ತದೆ. ಬಿಟ್ಟುಹೋದ ಪಕ್ಷಕಾರರನ್ನು ಇರುವ ದಾವೆಗೇ ಸೇರಿಸುವ 1ನೆಯ ಆದೇಶದ 10ನೆಯ ನಿಯಮ, ಪ್ರತಿವಾದಿಯೇ ತನ್ನ ಬೇಡಿಕೆಯನ್ನು ಅದೇ ದಾವೆಯಲ್ಲಿ ಮಂಡಿಸಲು ಅವಕಾಶ ಕೊಡುವ 8ನೆಯ ಆದೇಶದ 6-ಎ ನಿಯಮದ ಪ್ರತಿದಾವೆ, ಇವು ದಾವೆಗಳು ಚದುರುವ ಮೊದಲೇ ಬಳಸಬೇಕಾದ ಸಾಧನಗಳು. ಇವು ಸಕಾಲದಲ್ಲಿ ಬಳಕೆಯಾದರೆ ಕ್ರೋಡೀಕರಣದ ಅಗತ್ಯವೇ ಬಾರದು.

ಆಚರಣೆಯಲ್ಲಿ ಕ್ರಮ ಹೀಗಿದೆ. ದಾವೆಗಳು ಬೇರೆ ಬೇರೆ ನ್ಯಾಯಾಲಯಗಳಲ್ಲಿದ್ದರೆ ಮೊದಲು 24ನೆಯ ಕಲಮಿನ ಪ್ರಕಾರ ಜಿಲ್ಲಾ ನ್ಯಾಯಾಲಯಕ್ಕೋ ಉಚ್ಚ ನ್ಯಾಯಾಲಯಕ್ಕೋ ಅರ್ಜಿ ಕೊಟ್ಟು ಅವನ್ನು ಒಂದೇ ಕಡೆಗೆ ವರ್ಗ ಮಾಡಿಸಬೇಕು. ದಾವೆಗಳು ಬೇರೆ ರಾಜ್ಯಗಳಲ್ಲಿ ಹಂಚಿಹೋಗಿದ್ದರೆ, ಉದಾಹರಣೆಗೆ ಗಡಿಭಾಗದ ಕುಟುಂಬಗಳ ಆಸ್ತಿ ಬೆಳಗಾವಿಯಲ್ಲೂ ಮಹಾರಾಷ್ಟ್ರದಲ್ಲೂ ಇದ್ದಲ್ಲಿ, 25ನೆಯ ಕಲಮಿನ ಪ್ರಕಾರ ಸರ್ವೋಚ್ಚ ನ್ಯಾಯಾಲಯವೇ ಆ ಕೆಲಸ ಮಾಡಬೇಕು. ಒಂದೇ ಕಡೆ ಬಂದ ಮೇಲೆ, ವ್ಯಾಪ್ತಿಯಲ್ಲಿ ದೊಡ್ಡದಾದ ದಾವೆಯನ್ನು, ಸಾಮಾನ್ಯವಾಗಿ ಪಾಲಿನ ದಾವೆಯನ್ನು, ಮುಖ್ಯ ದಾವೆಯೆಂದು ಗುರುತಿಸಿ ಸಾಕ್ಷ್ಯವನ್ನೆಲ್ಲ ಅದರಲ್ಲೇ ದಾಖಲಿಸಲಾಗುತ್ತದೆ. ಸಾಕ್ಷಿಯೊಬ್ಬನ ಪಾಟೀಸವಾಲು ಒಮ್ಮೆ ನಡೆದರೆ ಎಲ್ಲ ದಾವೆಗಳಿಗೂ ಸಲ್ಲುತ್ತದೆ. ವಿವಾದಾಂಶಗಳು ಮಾತ್ರ ಪ್ರತಿ ದಾವೆಗೂ ಪ್ರತ್ಯೇಕವಾಗಿಯೇ ಇರುತ್ತವೆ, ತೀರ್ಪು ಒಂದೇ ಆದರೂ ಡಿಕ್ರಿಗಳು ದಾವೆಗೊಂದರಂತೆ ಹೊರಡುತ್ತವೆ. ದಾವೆಗಳು ಕರಗಿ ಒಂದಾಗುವುದಿಲ್ಲ, ಒಂದೇ ಹಗ್ಗಕ್ಕೆ ಕಟ್ಟಿದ ಜೋಡೆತ್ತುಗಳಂತೆ ಜತೆಯಾಗಿ ನಡೆಯುತ್ತವೆ ಎಂಬುದನ್ನು ಮರೆತಲ್ಲಿ ಮುಂದೆ ಹೇಳಲಿರುವ ಅಪಾಯ ಎರಗುತ್ತದೆ.

ಆ ಅಪಾಯವಿರುವುದು ಮೇಲ್ಮನವಿಯ ಹಂತದಲ್ಲಿ. ಒಂದೇ ತೀರ್ಪಿನಿಂದ ಮೂರು ಡಿಕ್ರಿಗಳು ಹೊರಟಿದ್ದು, ಸೋತ ಪಕ್ಷಕಾರ ಅದರಲ್ಲಿ ಒಂದರ ಮೇಲಷ್ಟೇ ಮೇಲ್ಮನವಿ ಸಲ್ಲಿಸಿದರೆ, ಪ್ರಶ್ನಿಸದೆ ಬಿಟ್ಟ ಡಿಕ್ರಿಗಳು ಅಂತಿಮವಾಗಿ, ಸಲ್ಲಿಸಿದ ಮೇಲ್ಮನವಿಗೇ ಪೂರ್ವನಿರ್ಣಯದ ಅಡ್ಡಗೋಡೆಯಾಗುತ್ತವೆಯೆ? ಹೈದರಾಬಾದ್ ಸಂಸ್ಥಾನದ ಕಡೆಯಿಂದ ಬಂದು 1953ರ ಕಾನೂನು ವರದಿಗಳಲ್ಲಿ ಪ್ರಕಟವಾದ ಪ್ರಕರಣವೊಂದರಲ್ಲಿ, ದಾವೆ ಒಂದೇ ಆಗಿದ್ದು ವಿಚಾರಣೆಯೂ ತೀರ್ಮಾನವೂ ಒಂದೇ ಆಗಿರುವಾಗ ಎರಡು ಮೇಲ್ಮನವಿಗಳ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಉದಾರವಾಗಿ ಹೇಳಿತ್ತು. 1966ರಲ್ಲಿ, ಒಟ್ಟಿಗೆ ವಿಚಾರಣೆಯಾದ ನಾಲ್ಕು ದಾವೆಗಳ ಪ್ರಕರಣದಲ್ಲಿ, ಎರಡು ಮೇಲ್ಮನವಿಗಳು ತಾಂತ್ರಿಕ ಕಾರಣಗಳಿಂದ ವಜಾಗೊಂಡುದೇ ಉಳಿದೆರಡಕ್ಕೆ ಪೂರ್ವನಿರ್ಣಯವಾಯಿತೆಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಗಂಗೈ ವಿನಾಯಗರ್ ದೇವಸ್ಥಾನದ ಪ್ರಕರಣದಲ್ಲೂ, ಒಟ್ಟಿಗೆ ವಿಚಾರಣೆಯಾದ ದಾವೆಗಳಲ್ಲಿ ಒಂದರ ತೀರ್ಮಾನವನ್ನು ಪ್ರಶ್ನಿಸದೆ ಬಿಟ್ಟದ್ದು ಮುಳುವಾಯಿತು. ತತ್ತ್ವದ ದೃಷ್ಟಿಯಿಂದ ಈ ನಿಲುವಿಗೆ ಸಮರ್ಥನೆಯಿದೆ. ಅಂತಿಮವಾದ ಡಿಕ್ರಿಯನ್ನು ಇಲ್ಲವೆಂದು ಭಾವಿಸಲಾಗದು. ಆದರೆ ನಮ್ಮ ನಿದರ್ಶನದ ಎರಡನೆಯ ಮಗನ ಸ್ಥಿತಿಯನ್ನು ಯೋಚಿಸಬೇಕು: ಪಾಲಿನ ದಾವೆ ವಜಾ ಆದುದಕ್ಕೆ ಆತ ಮೇಲ್ಮನವಿ ಸಲ್ಲಿಸುತ್ತಾನೆ, ಅದೇ ತೀರ್ಪಿನ ಕೊನೆಯ ಪುಟದಲ್ಲಿ ಕೊಂಡವನ ಪರವಾಗಿ ಹೊರಟ ನಿರ್ಬಂಧಕಾಜ್ಞೆಯ ಡಿಕ್ರಿಯನ್ನು ಸಣ್ಣದೆಂದು ಬಿಟ್ಟುಬಿಡುತ್ತಾನೆ, ವರ್ಷಗಳ ಬಳಿಕ ಆ ಸಣ್ಣ ಡಿಕ್ರಿಯೇ ಮೂರು ಎಕರೆಯ ಹಕ್ಕನ್ನು ನುಂಗುತ್ತದೆ. ಒಟ್ಟಿಗೆ ವಿಚಾರಣೆಯಾದ ದಾವೆಗಳ ತೀರ್ಪಿನ ಕೊನೆಯಲ್ಲಿ, ಎಷ್ಟು ಡಿಕ್ರಿಗಳು ಹೊರಟಿವೆ ಮತ್ತು ಪ್ರತಿಯೊಂದಕ್ಕೂ ಪ್ರತ್ಯೇಕ ಮೇಲ್ಮನವಿ ಬೇಕೆಂಬುದನ್ನು ನ್ಯಾಯಾಧೀಶರು ಎರಡು ವಾಕ್ಯಗಳಲ್ಲಿ ಬರೆದರೆ ಎಷ್ಟೋ ಕುಟುಂಬಗಳು ಈ ಹೊಡೆತದಿಂದ ಪಾರಾಗುತ್ತವೆ.

ಇನ್ನೂ ಮುಖ್ಯವಾದ ಪ್ರಶ್ನೆ ಹೆಣ್ಣುಮಕ್ಕಳದು. ಕರ್ನಾಟಕದಲ್ಲಿ ಚದುರಿದ ದಾವೆಗಳ ಅತಿ ದೊಡ್ಡ ನಷ್ಟ ತಟ್ಟಿರುವುದು ಯಾವ ದಾವೆಯಲ್ಲೂ ಹೆಸರಿಲ್ಲದ ಅಕ್ಕತಂಗಿಯರಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯವು ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು, ಆ ದಿನಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಹಭಾಗಿತ್ವವನ್ನು, ಅಂದರೆ ಪಿತ್ರಾರ್ಜಿತದಲ್ಲಿ ಮಗನಿಗೆ ಸಮನಾದ ಹಕ್ಕನ್ನು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯ ಆ ಷರತ್ತನ್ನು ತೆಗೆದುಹಾಕಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ಪಾಲುಗಳಿಗೆ ಮಾತ್ರ ರಕ್ಷಣೆ ನೀಡಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆ ಎಂಬ ಬಗ್ಗೆ 2015ರಲ್ಲಿ ಒಂದು ಬಗೆಯಾಗಿ, 2018ರಲ್ಲಿ ಇನ್ನೊಂದು ಬಗೆಯಾಗಿ ಸರ್ವೋಚ್ಚ ನ್ಯಾಯಾಲಯದ ಪೀಠಗಳು ನುಡಿದವು. ಎರಡೂ ಪ್ರಕರಣಗಳು ಕರ್ನಾಟಕದಿಂದಲೇ ಹೋದವು ಎಂಬುದು ಗಮನಾರ್ಹ. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಹಕ್ಕು ಹುಟ್ಟಿನಿಂದಲೇ ಬರುವುದರಿಂದ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಹೇಳಿ ಗೊಂದಲಕ್ಕೆ ತೆರೆ ಎಳೆಯಿತು. ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲೆಂದು ಘೋಷಿಸುವ ಮೊದಲ ಹಂತದ ಡಿಕ್ರಿ ಆಗಿದ್ದರೂ ಅಂತಿಮ ಡಿಕ್ರಿ ಆಗದಿರುವ ದಾವೆಗಳಲ್ಲೂ ಹೆಣ್ಣುಮಕ್ಕಳ ಪಾಲನ್ನು ಸೇರಿಸಬೇಕೆಂಬುದು ಈ ತೀರ್ಪಿನ ಫಲ.

ಇದರ ಪರಿಣಾಮ ನೇರವಾಗಿದೆ. ಅಣ್ಣತಮ್ಮಂದಿರು ತಮ್ಮೊಳಗೇ ಹೂಡಿಕೊಂಡ ಹಳೆಯ ಪಾಲಿನ ದಾವೆ ಒಂದು ಕಡೆ ಮುಗಿಯುವ ಹಂತದಲ್ಲಿದ್ದರೆ, ತಂಗಿಯ ಹೊಸ ದಾವೆ ಇನ್ನೊಂದು ಕಡೆ ಆರಂಭವಾಗುತ್ತದೆ. ಮೊದಲನೆಯದರಲ್ಲಿ ಸಹೋದರರು ರಾಜಿಯಾಗಿ ಜಮೀನನ್ನು ಹಂಚಿಕೊಂಡರೆ ತಂಗಿಯ ಹಕ್ಕು ಕಾಗದದಲ್ಲಿ ಉಳಿದರೂ, ಹೊಲ ಕೈತಪ್ಪಿ, ಮಾರಾಟವಾಗಿ, ಲೇಔಟ್ ಆಗಿ ಹೋಗಿರುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೆಯ ಕಲಮಿನಂತೆ ದಾವೆ ನಡೆಯುತ್ತಿರುವಾಗ ಕೊಂಡವನು ಆ ದಾವೆಯ ಫಲಕ್ಕೆ ಬದ್ಧನೆಂಬುದು ನಿಜವಾದರೂ, ಕೊಂಡವರಿಂದ ಮತ್ತೊಬ್ಬರು ಕೊಂಡು ಮನೆ ಕಟ್ಟಿದ ಮೇಲೆ ಆ ಬದ್ಧತೆಯನ್ನು ಜಾರಿಗೆ ತರುವುದು ಹೆಣ್ಣುಮಗಳಿಗೆ ಇನ್ನೊಂದು ಜೀವಮಾನದ ಹೋರಾಟ. ಆದ್ದರಿಂದ ಕ್ರೋಡೀಕರಣದ ಅರ್ಜಿಯನ್ನು ಪರಿಶೀಲಿಸುವ ನ್ಯಾಯಾಧೀಶರು ಮೊದಲು ತರಿಸಿ ನೋಡಬೇಕಾದುದು ವಂಶವೃಕ್ಷವನ್ನು. ಅದರಲ್ಲಿರುವ ಪ್ರತಿ ಹೆಸರೂ ಯಾವುದಾದರೊಂದು ದಾವೆಯಲ್ಲಿ ಪಕ್ಷಕಾರರಾಗಿ ಬಂದಿದೆಯೆ ಎಂದು ಕೇಳದೆ ದಾವೆಗಳನ್ನು ಜೋಡಿಸಿದರೆ, ಅಪೂರ್ಣವಾದ ಎರಡು ಕಡತಗಳನ್ನು ಒಂದೇ ದಾರದಲ್ಲಿ ಕಟ್ಟಿದಂತಾಗುತ್ತದಷ್ಟೆ. ಪಾಲಿನ ದಾವೆಯಲ್ಲಿ ಎಲ್ಲ ಸಹಭಾಗಿಗಳೂ ಕುಟುಂಬದ ಎಲ್ಲ ಆಸ್ತಿಗಳೂ ಒಳಗೊಳ್ಳಬೇಕು, ಭಾಗಶಃ ಪಾಲನ್ನು ಕೇಳಲಾಗದು ಎಂಬ ಹಳೆಯ ನಿಯಮದ ಆಶಯವೂ ಇದೇ.

ಇಷ್ಟೆಲ್ಲ ಆದರೂ ಕ್ರೋಡೀಕರಣ ದಾಟಲಾರದ ಗೋಡೆಯೊಂದಿದೆ. ಪಹಣಿಯಲ್ಲಿ ಯಾರ ಹೆಸರಿರಬೇಕೆಂಬ ವಿವಾದ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 129ನೆಯ ಕಲಮಿನ ಪ್ರಕಾರ ತಕರಾರು ಪ್ರಕರಣವಾಗಿ ಕಂದಾಯ ಅಧಿಕಾರಿಯ ಮುಂದೆ ನಡೆಯುತ್ತದೆ. 136ನೆಯ ಕಲಮಿನಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಜಿಲ್ಲಾಧಿಕಾರಿಗೆ ಪುನರೀಕ್ಷಣೆ, ಅಲ್ಲಿಂದ ರಿಟ್ ಅರ್ಜಿಯಾಗಿ ಉಚ್ಚ ನ್ಯಾಯಾಲಯಕ್ಕೆ ಏರುತ್ತದೆ. ಖಾತೆಯ ನಮೂದು ಕಂದಾಯ ವಸೂಲಿಯ ಅನುಕೂಲಕ್ಕೆ ಇರುವುದೇ ಹೊರತು ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ, 2021ರಲ್ಲೂ ಹೇಳಿತು. ಆದರೆ 133ನೆಯ ಕಲಮು ಅದೇ ನಮೂದನ್ನು, ವಿರುದ್ಧವಾದುದು ರುಜುವಾತಾಗುವವರೆಗೆ, ನಿಜವೆಂದು ಭಾವಿಸಲು ಹೇಳುತ್ತದೆ. ಬ್ಯಾಂಕು ಬೆಳೆಸಾಲ ಕೊಡುವುದೂ ಸರ್ಕಾರ ಭೂಸ್ವಾಧೀನದ ಪರಿಹಾರಕ್ಕೆ ನೋಟಿಸು ಕಳಿಸುವುದೂ ಪಹಣಿಯಲ್ಲಿ ಹೆಸರಿದ್ದವರಿಗೇ. ಹೀಗೆ ಹಕ್ಕಿಲ್ಲದ ನಮೂದಿಗೂ ಬಾಳಿನಲ್ಲಿ ತೂಕವಿರುವುದರಿಂದ ಕುಟುಂಬಗಳು ಎರಡೂ ಕಡೆ ಓಡಾಡುತ್ತವೆ. ಸಿವಿಲ್ ದಾವೆಯನ್ನೂ ಉಪವಿಭಾಗಾಧಿಕಾರಿಯ ಮುಂದಿನ ಮೇಲ್ಮನವಿಯನ್ನೂ ಒಂದೇ ಕಡತದಲ್ಲಿ ಜೋಡಿಸಲು ಯಾವ ಕಲಮೂ ಇಲ್ಲ. ದಾವೆ ಮುಗಿಯುವವರೆಗೆ ಯಥಾಸ್ಥಿತಿಯನ್ನು ಕಾಯ್ದುಕೊಂಡು, ಡಿಕ್ರಿಗೆ ಅನುಸಾರವಾಗಿ ನಮೂದು ಬದಲಿಸುವುದು ಮಾತ್ರ ಸಾಧ್ಯವಿರುವ ದಾರಿ.

ಭೂಸುಧಾರಣೆಯ ಇತಿಹಾಸವುಳ್ಳ ಜಮೀನಿನಲ್ಲಿ ಗೋಡೆ ಇನ್ನೂ ಎತ್ತರದ್ದು. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದ ಮೇಲೆ, ನಮೂನೆ 7ರಲ್ಲಿ ಅರ್ಜಿ ಹಾಕಿದ ಗೇಣಿದಾರರಿಗೆ ಭೂ ನ್ಯಾಯಮಂಡಳಿಗಳು ಅಧಿಭೋಗದ ಹಕ್ಕನ್ನು ಕೊಟ್ಟವು. ಕುಟುಂಬವೆಲ್ಲ ಉತ್ತಿದ ಹೊಲಕ್ಕೆ ಅರ್ಜಿ ಬಿದ್ದದ್ದು ಅನೇಕ ಕಡೆ ಹಿರಿಯ ಮಗನೊಬ್ಬನ ಹೆಸರಿನಲ್ಲಿ. ಗೇಣಿದಾರನಾಗಿದ್ದನೆ ಇಲ್ಲವೆ ಎಂಬ ಪ್ರಶ್ನೆ ನ್ಯಾಯಮಂಡಳಿಗೇ ಮೀಸಲು, ಭೂಸುಧಾರಣಾ ಕಾಯ್ದೆಯ 132 ಮತ್ತು 133ನೆಯ ಕಲಮುಗಳು ಸಿವಿಲ್ ನ್ಯಾಯಾಲಯವನ್ನು ಅಲ್ಲಿಂದ ದೂರ ಇಡುತ್ತವೆ. ಹಾಗೆ ಬಂದ ಹಕ್ಕು ಆತನೊಬ್ಬನದೆ, ಕುಟುಂಬದ ಪರವಾಗಿ ಬಂದುದೆ ಎಂಬುದು ಪಾಲಿನ ದಾವೆಯಲ್ಲಿ ಏಳುವ ಪ್ರಶ್ನೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಂಥ ಗೇಣಿ ವ್ಯಾಪಕವಾಗಿದ್ದ ಜಿಲ್ಲೆಗಳಲ್ಲಿ ಈ ಪ್ರಶ್ನೆ ಮುಂದಿನ ತಲೆಮಾರಿನವರ ದಾವೆಗಳಿಗೂ ಬೇರಾಗಿದೆ. ಮಂಜೂರಾತಿಯ ವಿರುದ್ಧದ ರಿಟ್ ಅರ್ಜಿ ಒಂದು ಕಡೆ, ಪಾಲಿನ ದಾವೆ ಇನ್ನೊಂದು ಕಡೆ ನಡೆಯುವಾಗ ಒಂದು ಇನ್ನೊಂದಕ್ಕೆ ಕಾಯುವುದೇ ವಿನಾ ಎರಡೂ ಕೂಡುವುದಿಲ್ಲ.

ಕ್ರೋಡೀಕರಣವನ್ನು ವಿರೋಧಿಸುವವರ ವಾದದಲ್ಲೂ ಹುರುಳಿದೆ. ಒಂದು ದಾವೆ ವಾದ ಮಂಡನೆಯ ಹಂತದಲ್ಲಿದ್ದು ಇನ್ನೊಂದಕ್ಕೆ ಇನ್ನೂ ಪ್ರತಿವಾದ ಪತ್ರವೇ ಸಲ್ಲಿಕೆಯಾಗಿರದಿದ್ದರೆ, ಅವನ್ನು ಜೋಡಿಸುವುದೆಂದರೆ ಹತ್ತಿರ ಬಂದ ತೀರ್ಪನ್ನು ದೂರ ತಳ್ಳುವುದೇ ಸರಿ. ದಾವೆಯನ್ನು ಎಳೆಯಬಯಸುವ ಪಕ್ಷಕಾರನಿಗೆ ಹೊಸ ದಾವೆಯೊಂದನ್ನು ಹೂಡಿ ಜೋಡಣೆ ಕೇಳುವುದು ಸುಲಭದ ತಂತ್ರ. ಪಕ್ಷಕಾರರ ಸಂಖ್ಯೆ ಹೆಚ್ಚಿದಷ್ಟೂ ಮರಣಗಳೂ ಹೆಚ್ಚುತ್ತವೆ. ಮೃತರ ವಾರಸುದಾರರನ್ನು 90 ದಿನಗಳೊಳಗೆ ದಾಖಲೆಗೆ ತರದಿದ್ದರೆ ದಾವೆ ಅವರ ಮಟ್ಟಿಗೆ ಉಪಶಮನಗೊಳ್ಳುತ್ತದೆ, ಅಂದರೆ ತಾನಾಗಿ ಕೊನೆಗೊಳ್ಳುತ್ತದೆ. ಜೋಡಿಸಿದ ದಾವೆಗಳಲ್ಲಿ ಒಂದರಲ್ಲಾದ ಮರಣ ಎಲ್ಲವನ್ನೂ ನಿಲ್ಲಿಸುತ್ತದೆ. ಒಂದು ದಾವೆಯಲ್ಲಿ ವಾರಸುದಾರರನ್ನು ಸೇರಿಸಿ ಇನ್ನೊಂದರಲ್ಲಿ ಮರೆತರೆ ಆಗುವ ತೊಡಕು ಬೇರೆ. ಇವೆಲ್ಲಕ್ಕೂ ಉತ್ತರವಿರುವುದು ಜೋಡಣೆಯ ಕಾಲದಲ್ಲಿ: ವಿವಾದಾಂಶಗಳನ್ನು ರೂಪಿಸುವ ಮೊದಲೇ, ಅದೇ ಸರ್ವೆ ನಂಬರಿನ ಮೇಲೆ ಬೇರೆ ಯಾವ ದಾವೆಯಿದೆಯೆಂದು ನ್ಯಾಯಾಲಯವೇ ತನ್ನ ಕಚೇರಿಯಿಂದ ವರದಿ ತರಿಸಿಕೊಂಡು ಜೋಡಿಸಿದರೆ ತಂತ್ರಕ್ಕೆ ಎಡೆಯಿರದು, ಸಾಕ್ಷ್ಯ ಆರಂಭವಾದ ಮೇಲೆ ಬರುವ ಅರ್ಜಿಯನ್ನು ಅನುಮಾನದಿಂದಲೇ ನೋಡಬೇಕು. ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಗಣಕೀಕೃತವಾಗಿ, ದಾವೆಗಳ ವಿವರ ಇ-ಕೋರ್ಟ್ಸ್ ಜಾಲದಲ್ಲಿ ಸಿಗುತ್ತಿರುವ ಈ ಕಾಲದಲ್ಲಿ ಇಂಥ ಹುಡುಕಾಟವನ್ನು ಬಡ ಪಕ್ಷಕಾರನ ತಲೆಯ ಮೇಲೆ ಹೊರಿಸಲು ಕಾರಣವಿಲ್ಲ.

ರಾಜಿಯ ದಾರಿಯಲ್ಲಿ ಜೋಡಣೆಯ ಲಾಭ ಇನ್ನೂ ಸ್ಪಷ್ಟ. ಕರ್ನಾಟಕ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕಾಗಲಿ ತಾಲ್ಲೂಕಿನ ಲೋಕ ಅದಾಲತ್ತಿಗಾಗಲಿ ಒಂದೇ ಒಂದು ದಾವೆಯನ್ನು ಕಳಿಸಿದರೆ, ಅಣ್ಣತಮ್ಮಂದಿರು ಒಪ್ಪಿದರೂ ಕೊಂಡವನು ಹೊರಗೆ ಉಳಿಯುತ್ತಾನೆ, ಕೊಂಡವನು ಒಪ್ಪಿದರೂ ತಂಗಿ ಹೊರಗಿರುತ್ತಾಳೆ. ಎಲ್ಲ ದಾವೆಗಳೂ ಒಟ್ಟಿಗೆ ಹೋದಾಗ ಮಾತ್ರ, ಮಾರಿದ ಮೂರು ಎಕರೆಯನ್ನು ಹಿರಿಯ ಮಗನ ಪಾಲಿಗೇ ಹಾಕಿ ಕೊಂಡವನನ್ನು ಉಳಿಸುವ, ಬಾವಿಯಿರುವ ಹಿಸ್ಸಾದಿಂದ ಉಳಿದವರಿಗೂ ನೀರಿನ ಹಕ್ಕು ಕೊಡುವ, ದಾರಿಗೆ ಗುಂಟೆಗಳನ್ನು ಬಿಡುವ ಹೊಂದಾಣಿಕೆಗಳು ಸಾಧ್ಯವಾಗುತ್ತವೆ. ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲದ ಈ ವಿವರಗಳೇ ಹಳ್ಳಿಯಲ್ಲಿ ಜಗಳದ ನಿಜವಾದ ತಿರುಳು.

ತೀರ್ಪಿನ ನಂತರದ ಹಂತವನ್ನೂ ಗಮನಿಸಬೇಕು. ಪಾಲಿನ ದಾವೆಯಲ್ಲಿ ಪ್ರಾಥಮಿಕ ಡಿಕ್ರಿಯ ಬಳಿಕ ಜಮೀನನ್ನು ಅಳೆದು, ಹದ್ದುಬಸ್ತು ಮಾಡಿ, ಇಂಥ ದಿಕ್ಕಿನ ಇಷ್ಟು ಗುಂಟೆ ಇಂಥವರಿಗೆಂದು ಗುರುತಿಸುವ ಅಂತಿಮ ಡಿಕ್ರಿಯ ಪ್ರಕ್ರಿಯೆ ನಡೆಯಬೇಕು. ಅದಕ್ಕೆ ಮತ್ತೊಂದು ಅರ್ಜಿಗಾಗಿ ಕಾಯದೆ ನ್ಯಾಯಾಲಯವೇ ಮುಂದುವರಿಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಸೂಚಿಸಿ 2022ರ ಜೂನ್‌ನಲ್ಲಿ ಎಲ್ಲ ವಿಚಾರಣಾ ನ್ಯಾಯಾಲಯಗಳಿಗೂ ನಿರ್ದೇಶನ ನೀಡಿತು. ಪ್ರಾಥಮಿಕ ಡಿಕ್ರಿಯ ನಂತರ ಪಕ್ಷಕಾರರೊಬ್ಬರು ತೀರಿಕೊಂಡರೆ ಪಾಲುಗಳನ್ನು ತಿದ್ದಿ ಇನ್ನೊಂದು ಪ್ರಾಥಮಿಕ ಡಿಕ್ರಿ ಕೊಡಬಹುದೆಂಬುದು 1967ರಿಂದಲೂ ಸ್ಥಾಪಿತವಾದ ಮಾತು. ಹೆಣ್ಣುಮಕ್ಕಳ ಹಕ್ಕು ಹೊಸದಾಗಿ ಬಂದಾಗಲೂ ಇದೇ ಬಾಗಿಲು ತೆರೆಯಿತು. ಜೋಡಿಸಿದ ದಾವೆಗಳಲ್ಲಿ ಅಂತಿಮ ಡಿಕ್ರಿಯ ನಕಾಶೆ ಒಂದೇ ಆಗಿರುವುದರಿಂದ, ಭೂಮಾಪಕ ಸರಪಳಿ ಹಿಡಿದು ಹೊಲಕ್ಕೆ ಬಂದ ದಿನ ಕೊಂಡವನೂ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಂದೇ ಬದುವಿನ ಮೇಲೆ ನಿಂತು ಅದೇ ಅಳತೆಗೆ ಸಹಿ ಹಾಕುತ್ತಾರೆ, ಆ ನಕಾಶೆಯಂತೆಯೇ ಪೋಡಿಯಾಗಿ ಪ್ರತಿಯೊಬ್ಬರ ಹೆಸರಿಗೂ ಬೇರೆ ಪಹಣಿ ಹೊರಡುತ್ತದೆ.